ಆಡಿಯೋಮಾತ್ ರೆಕಾರ್ಡರ್: ದುರ್ಗದ ಗಾಳಿಯಲ್ಲಿ ಇದರ ಕಿವಿ ಎಷ್ಟು ಚುರುಕು?

ದಾವಣಗೆರೆ, ಚಿತ್ರದುರ್ಗದ ಕಡೆ ಪ್ರಾಣಿಶಾಸ್ತ್ರ ಅಥವಾ ಪರಿಸರ ವಿಜ್ಞಾನ ವಿಭಾಗದಲ್ಲಿ ಯಾರಾದರೂ ಕಾಡಿನ ಸದ್ದು ದಾಖಲಿಸಲು ಹೊರಟರೆ ಮೊದಲು ಕೇಳಿಬರುವ ಹೆಸರು ಆಡಿಯೋಮಾತ್. ನೋಡಲು ಒಂದು ಬರಿಯ ಸರ್ಕ್ಯೂಟ್ ಬೋರ್ಡು: 58 ಮಿ.ಮೀ. ಉದ್ದ, 48 ಮಿ.ಮೀ. ಅಗಲ, 15 ಮಿ.ಮೀ. ದಪ್ಪ. ಬೆನ್ನಿಗೆ ಮೂರು ಡಬಲ್ ಎ ಸೆಲ್ಲು, ಪಕ್ಕಕ್ಕೊಂದು ಮೈಕ್ರೊಎಸ್‌ಡಿ ಕಾರ್ಡು. ಪರದೆ ಇಲ್ಲ, ಬ್ಲೂಟೂತ್ ಇಲ್ಲ, ಕೇಸ್ ಕೂಡ ಬೇರೆಯಾಗಿ ಕೊಳ್ಳಬೇಕು. ಬೆಲೆ ನೂರು ಡಾಲರಿನ ಆಸುಪಾಸು. ಇದೇ ಕೆಲಸ ಮಾಡುವ ದೊಡ್ಡ ಕಂಪನಿಗಳ ರೆಕಾರ್ಡರುಗಳಿಗೆ ಇದರ ಎರಡು ಮೂರು ಪಟ್ಟಿನಿಂದ ಶುರುವಾಗಿ ಎಷ್ಟೋ ಪಟ್ಟು ಹೆಚ್ಚಿನವರೆಗೂ ಬೆಲೆ ಇದೆ.

ಕೊಳ್ಳಬಹುದೇ? ಕೊಳ್ಳಬಹುದು. ಆದರೆ “ಕಾಡಿನಲ್ಲಿ ಏನೇನಿದೆ, ಇಟ್ಟು ನೋಡೋಣ” ಅನ್ನುವವರಿಗೆ ಇದು ಹೇಳಿದ ಸಾಮಾನಲ್ಲ. “ಇಂಥ ಹಕ್ಕಿ, ಇಂಥ ಹೊತ್ತು, ಇಂಥ ಜಾಗ” ಎಂದು ಬಾಯಿಬಿಟ್ಟು ಹೇಳಬಲ್ಲವರಿಗೆ ಮಾತ್ರ ಇದರಿಂದ ಲಾಭ. ಉಳಿದವರಿಗೆ ಹಾರ್ಡ್ ಡಿಸ್ಕ್ ತುಂಬುತ್ತದೆ, ಪ್ರಬಂಧ ತುಂಬುವುದಿಲ್ಲ.

ಯಂತ್ರ ಹುಟ್ಟಿದ ಮನೆ ನೋಡಿದರೆ ಇದರ ಕಾರಣ ತಿಳಿಯುತ್ತದೆ. ಇಂಗ್ಲೆಂಡಿನ ಸೌತಾಂಪ್ಟನ್ ಮತ್ತು ಆಕ್ಸ್‌ಫರ್ಡ್ ವಿಶ್ವವಿದ್ಯಾಲಯಗಳ ಒಂದು ಸಣ್ಣ ಗುಂಪು ಇದನ್ನು ಕಟ್ಟಿತು. ಆಂಡ್ರ್ಯೂ ಹಿಲ್ ಮತ್ತು ಪೀಟರ್ ಪ್ರಿನ್ಸ್ ಆಗ ಸೌತಾಂಪ್ಟನ್ನಿನಲ್ಲಿ ಸಂಶೋಧನಾ ವಿದ್ಯಾರ್ಥಿಗಳು. ಅಲೆಕ್ಸ್ ರೋಜರ್ಸ್ ಆಕ್ಸ್‌ಫರ್ಡಿನಲ್ಲಿ ಕಂಪ್ಯೂಟರ್ ವಿಜ್ಞಾನದ ಪ್ರಾಧ್ಯಾಪಕರು. ಜೊತೆಗೆ ಪ್ಯಾಟ್ರಿಕ್ ಡಾಂಕಾಸ್ಟರ್ ಅವರಂಥ ಪರಿಸರ ವಿಜ್ಞಾನಿಗಳು. ಯಂತ್ರದ ಬಗ್ಗೆ ಅವರ ಲೇಖನ ‘ಮೆಥಡ್ಸ್ ಇನ್ ಎಕಾಲಜಿ ಅಂಡ್ ಎವಲ್ಯೂಷನ್’ ಪತ್ರಿಕೆಯಲ್ಲಿ 2018ರಲ್ಲಿ ಬಂತು. ಅವರ ಮುಂದಿದ್ದ ಪ್ರಶ್ನೆಗಳಲ್ಲಿ ಎರಡು ಮುಖ್ಯ, ಎರಡೂ ಬಹಳ ಖಚಿತ. ಒಂದು, ನ್ಯೂ ಫಾರೆಸ್ಟ್ ಕಾಡಿನಲ್ಲಿ 1990ರ ದಶಕದ ಈಚೆಗೆ ಖಚಿತವಾಗಿ ಕಾಣಿಸಿಕೊಳ್ಳದ ಒಂದು ಸಿಕಾಡ ಜೀರುಂಡೆ ಇನ್ನೂ ಇದೆಯೇ? ಅದರ ದನಿ 14 ಕಿಲೋಹರ್ಟ್ಸ್ ಸುಮಾರಿನದು. ವಯಸ್ಸಾದ ಕೀಟತಜ್ಞರ ಕಿವಿಗೆ ಅದು ಕೇಳುವುದೇ ಕಷ್ಟ. ಇನ್ನೊಂದು, ಮಧ್ಯ ಅಮೆರಿಕದ ಬೆಲೀಜ್ ಕಾಡಿನಲ್ಲಿ ಕಳ್ಳಬೇಟೆಯವರ ಗುಂಡಿನ ಸದ್ದನ್ನು ಹಿಡಿಯುವುದು ಹೇಗೆ?

ಅಂದರೆ ಇದು ಒಂದೇ ಸದ್ದಿಗೆ ಕಾಯುತ್ತಾ ಕೂರಲು, ಹತ್ತಿಪ್ಪತ್ತು ಕಡೆ ಅಗ್ಗದಲ್ಲಿ ನೇತುಹಾಕಲು ಮಾಡಿದ ಪೆಟ್ಟಿಗೆ. ಅರ್ಧ ತಂಡ ಕಂಪ್ಯೂಟರಿನವರು, ಅರ್ಧ ಕಾಡಿನವರು. ಎರಡೂ ಗುಣ ಇದರ ಮೈಯಲ್ಲಿದೆ. ವಿನ್ಯಾಸ, ತಂತ್ರಾಂಶ ಎಲ್ಲ ಬಹಿರಂಗ, ಯಾರು ಬೇಕಾದರೂ ತಿದ್ದಬಹುದು. ಅದೇ ಕಾರಣಕ್ಕೆ ಬಳಸುವವರೂ ಒಂದಿಷ್ಟು ತಲೆ ಓಡಿಸಬೇಕು.

ಗುಂಡಿ, ದೀಪ, ಗಡಿಯಾರ

ಬೋರ್ಡಿನ ಅಂಚಿನಲ್ಲಿ ಒಂದು ಪುಟ್ಟ ಜಾರುಗುಂಡಿ. ಅದಕ್ಕೆ ಮೂರು ಜಾಗ: ಯುಎಸ್‌ಬಿ/ಆಫ್, ಡೀಫಾಲ್ಟ್, ಕಸ್ಟಮ್. ಲ್ಯಾಪ್‌ಟಾಪಿಗೆ ಜೋಡಿಸಿ ಕಾನ್ಫಿಗರೇಶನ್ ಆ್ಯಪ್‌ನಲ್ಲಿ ಗಂಟೆ ಮತ್ತು ವೇಳಾಪಟ್ಟಿ ತುಂಬಬೇಕು, ಕಾಡಿನಲ್ಲಿ ಗುಂಡಿಯನ್ನು ಕಸ್ಟಮ್‌ಗೆ ತಳ್ಳಿ ಬರಬೇಕು. ಅವಸರದಲ್ಲಿ ಡೀಫಾಲ್ಟ್‌ಗೆ ತಳ್ಳಿದರೆ ಯಂತ್ರ ವೇಳಾಪಟ್ಟಿಯನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ಆ ಕ್ಷಣದಿಂದಲೇ ಹಗಲು ರಾತ್ರಿ ದಾಖಲಿಸಲು ಶುರುಮಾಡುತ್ತದೆ. ಬೆಳಗಿನ ಹಕ್ಕಿಗಳಿಗೆಂದು ಇಟ್ಟ ಕಾರ್ಡು ಬಿರುಬಿಸಿಲಿನ ಮಧ್ಯಾಹ್ನಗಳಿಂದ ತುಂಬಿರುತ್ತದೆ. ಹೊಸಬರ ಕೈಯಲ್ಲಿ ಹೆಚ್ಚಾಗಿ ಆಗುವ ಎಡವಟ್ಟು ಇದೇ. ಗುಂಡಿ ಬೆರಳಿನ ಉಗುರಿಗಿಂತ ಚಿಕ್ಕದು, ನಸುಕಿನ ಬೆಳಕಿನಲ್ಲಿ ಅದರ ಪಕ್ಕದ ಅಕ್ಷರ ಕಾಣುವುದಿಲ್ಲ. ಕಸ್ಟಮ್ ಜಾಗದ ಪಕ್ಕ ಬಿಳಿ ಪೇಂಟಿನ ಒಂದು ಚುಕ್ಕೆ ಇಟ್ಟರೆ ಸಾಕು.

ಹಸಿರು ದೀಪ ಮಿನುಗಿದರೆ ಕಾಯುತ್ತಿದೆ, ಕೆಂಪು ದೀಪ ಬಂದರೆ ದಾಖಲಿಸುತ್ತಿದೆ ಎಂದರ್ಥ. ಎರಡೂ ಒಟ್ಟಿಗೆ ಮಿನುಗುತ್ತಿದ್ದರೆ ಮರ ಬಿಟ್ಟು ಕದಲಬೇಡಿ. ಒಂದೋ ಕಾರ್ಡು ಸರಿಯಾಗಿ ಕೂತಿಲ್ಲ, ಇಲ್ಲವೇ ಗಂಟೆ ಹೊಂದಿಸಿಲ್ಲ. ಸೆಲ್ ಬದಲಿಸಿದಾಗಲೆಲ್ಲ ಗಂಟೆಯನ್ನು ಮತ್ತೆ ಹೊಂದಿಸುವುದೇ ಕ್ಷೇಮ. ಬೆಟ್ಟದ ಮೇಲೆ ಲ್ಯಾಪ್‌ಟಾಪ್ ಬೇಕಿಲ್ಲ. ಫೋನಿನಲ್ಲಿ ಆಡಿಯೋಮಾತ್ ಚೈಮ್ ಎಂಬ ಆ್ಯಪ್ ಇದೆ, ಅದು ಹೊರಡಿಸುವ ಸ್ವರಗಳನ್ನು ಯಂತ್ರ ಕೇಳಿಸಿಕೊಂಡು ಗಂಟೆ ಹೊಂದಿಸಿಕೊಳ್ಳುತ್ತದೆ. ಚೈಮ್ ಕೇಳುವ ತನಕ ವೇಳಾಪಟ್ಟಿ ಶುರುವಾಗದಂತೆ ಇಡುವ ಆಯ್ಕೆಯೂ ಇದೆ. ಇದನ್ನು ಹಾಕಿಡಿ. ಗಂಟೆ ತಪ್ಪಿದ ದಾಖಲೆಗಿಂತ ದಾಖಲೆ ಇಲ್ಲದಿರುವುದೇ ವಾಸಿ, ಕನಿಷ್ಠ ಅದು ಸುಳ್ಳು ಹೇಳುವುದಿಲ್ಲ.

ಗಂಟೆಯ ವಿಚಾರದಲ್ಲಿ ಇನ್ನೊಂದು ಗುಂಡಿ ತೋಡಿಟ್ಟಿದ್ದಾರೆ. ನಾವಾಗಿ ಬದಲಿಸದಿದ್ದರೆ ಯಂತ್ರ ಯುಟಿಸಿ ಎಂಬ ಅಂತರರಾಷ್ಟ್ರೀಯ ಸಮಯದಲ್ಲಿ ನಡೆಯುತ್ತದೆ, ನಮ್ಮ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದು. ಜೂನ್ 12ರ ಬೆಳಗಿನ 6 ಗಂಟೆಯ ಫೈಲಿನ ಹೆಸರು 20250612_003000 ಎಂದಿರುತ್ತದೆ. ಅದೇ ದಿನ ನಸುಕಿನ 4 ಗಂಟೆಯದು 20250611_223000, ಅಂದರೆ ಹಿಂದಿನ ದಿನದ ತಾರೀಖು! ಬೆಳಗಿನ ಜಾವದ ನತ್ತಿಂಗ ಎಂಬ ಇರುಳ ಹಕ್ಕಿಯ ಕೂಗೆಲ್ಲ ಎಕ್ಸೆಲ್ ಹಾಳೆಯಲ್ಲಿ ಹಿಂದಿನ ರಾತ್ರಿಗೆ ಸೇರಿಬಿಡುತ್ತದೆ. ಆ್ಯಪ್‌ನಲ್ಲಿ ಸ್ಥಳೀಯ ಸಮಯ ಆರಿಸಬಹುದು. ಯುಟಿಸಿಯೋ ಸ್ಥಳೀಯವೋ, ಯಾವುದಾದರೂ ಸರಿ, ಆದರೆ ಲ್ಯಾಬಿನ ಎಲ್ಲ ಪೆಟ್ಟಿಗೆಗೂ ಒಂದೇ ಪದ್ಧತಿ ಇರಲಿ. ಹಿಂದಿನ ಬ್ಯಾಚಿನವರು ಒಂದು ಥರ, ಈ ಬ್ಯಾಚಿನವರು ಇನ್ನೊಂದು ಥರ ಇಟ್ಟರೆ ಮೂರು ವರ್ಷದ ದತ್ತಾಂಶ ಹೊಂದಿಸಲು ಕೂತವರು ಇಬ್ಬರನ್ನೂ ಶಪಿಸುತ್ತಾರೆ.

ಕಾರ್ಡಿನ ಲೆಕ್ಕ

ಯಂತ್ರ 8ರಿಂದ 384 ಕಿಲೋಹರ್ಟ್ಸ್‌ವರೆಗೆ ಬೇರೆ ಬೇರೆ ದರದಲ್ಲಿ ಸ್ಯಾಂಪಲ್ ತೆಗೆಯುತ್ತದೆ, ಅಂದರೆ ಸೆಕೆಂಡಿಗೆ ಅಷ್ಟು ಸಾವಿರ ಸಲ ಸದ್ದನ್ನು ಅಳೆಯುತ್ತದೆ. ಹಕ್ಕಿ, ಕಪ್ಪೆ, ಕೀಟಗಳಿಗೆ 48 ಸಾಕು. ಫೈಲು ಕುಗ್ಗಿಸದ ವೇವ್ ರೂಪದಲ್ಲಿರುವುದರಿಂದ ಲೆಕ್ಕ ಸಲೀಸು: ಪ್ರತಿ ಸ್ಯಾಂಪಲಿಗೆ ಎರಡು ಬೈಟ್, ನಿಮಿಷಕ್ಕೆ 5.76 ಎಂಬಿ, ಗಂಟೆಗೆ ಸುಮಾರು 346 ಎಂಬಿ. ಬೆಳಗಿನ ಮೂರು ಗಂಟೆ ಮಾತ್ರ ಎಡೆಬಿಡದೆ ದಾಖಲಿಸಿದರೆ ದಿನಕ್ಕೆ 1 ಜಿಬಿಗಿಂತ ತುಸು ಹೆಚ್ಚು, 32 ಜಿಬಿ ಕಾರ್ಡು ಒಂದು ತಿಂಗಳು ಬರುತ್ತದೆ. ಐದು ನಿಮಿಷಕ್ಕೊಮ್ಮೆ ಒಂದು ನಿಮಿಷದಂತೆ ದಿನವಿಡೀ ದಾಖಲಿಸಿದರೆ ದಿನಕ್ಕೆ 1.66 ಜಿಬಿ, ಕಾರ್ಡು 19 ದಿನಕ್ಕೆ ಭರ್ತಿ. ಈ ಎರಡನೆಯ ಪದ್ಧತಿಯಲ್ಲಿ ಒಳ್ಳೆಯ ಸೆಲ್ಲಿಗಿಂತ ಮೊದಲು ಮುಗಿಯುವುದು ಕಾರ್ಡೇ. ವೇಳಾಪಟ್ಟಿ ಬದಲಿಸಿದ ಹಾಗೆಲ್ಲ ದಿನಕ್ಕೆ ಎಷ್ಟು ಜಾಗ, ಎಷ್ಟು ಬ್ಯಾಟರಿ ತಿನ್ನುತ್ತದೆ ಎಂದು ಆ್ಯಪ್ ಅಂದಾಜು ತೋರಿಸುತ್ತದೆ, ಅದನ್ನು ನೋಡಿಯೇ ಬೆಟ್ಟ ಹತ್ತುವ ದಿನ ಗೊತ್ತುಮಾಡಿಕೊಳ್ಳಿ.

ಕಾರ್ಡಿನಲ್ಲಿ ಜುಗ್ಗತನ ಬೇಡ. ಮೇಲೆ 64 ಜಿಬಿ ಎಂದು ಬರೆದು ಒಳಗೆ 8 ಜಿಬಿ ಇರುವ ನಕಲಿ ಕಾರ್ಡುಗಳು ಪೇಟೆಯಲ್ಲಿವೆ. ಅವು ತುಂಬಿದಮೇಲೂ ಬರೆಸಿಕೊಂಡಂತೆ ನಟಿಸುತ್ತವೆ. ಕೊಂಡ ದಿನವೇ ಎಚ್‌2ಟೆಸ್ಟ್‌ಡಬ್ಲ್ಯು ಅಥವಾ ಎಫ್3 ಎಂಬ ಉಚಿತ ತಂತ್ರಾಂಶದಲ್ಲಿ ಇಡೀ ಕಾರ್ಡಿಗೆ ಬರೆಸಿ, ಓದಿಸಿ, ಪರೀಕ್ಷೆ ಮಾಡಿ. ಪ್ರತಿ ಯಂತ್ರಕ್ಕೆ ಎರಡು ಕಾರ್ಡು ಇರಲಿ, ಒಂದು ಮರದ ಮೇಲೆ, ಇನ್ನೊಂದು ಲ್ಯಾಬಿನಲ್ಲಿ. ಎರಡು ಬೇರೆ ಬೇರೆ ಡಿಸ್ಕಿಗೆ ನಕಲು ಇಳಿಸಿ ತೆರೆದು ನೋಡುವ ಮುಂಚೆ ಹಳೆಯ ಕಾರ್ಡನ್ನು ಫಾರ್ಮ್ಯಾಟ್ ಮಾಡುವ ಹಾಗಿಲ್ಲ.

ಗಾಳಿ

ದುರ್ಗದ ಗುಡ್ಡಗಳ ನೆತ್ತಿಯ ಮೇಲೆ ಅಷ್ಟೊಂದು ಗಾಳಿ ಫ್ಯಾನುಗಳು ಸುಮ್ಮನೆ ನಿಂತಿಲ್ಲ. ಜೂನ್‌ನಿಂದ ಆಗಸ್ಟ್‌ವರೆಗೆ ಜೋಗಿಮಟ್ಟಿ ಬೆಟ್ಟದ ಏಣಿನಲ್ಲಿ ನಿಂತರೆ ಪಕ್ಕದವರ ಮಾತು ಕೇಳುವುದಿಲ್ಲ. ವಿದೇಶದ ವಿಮರ್ಶೆಗಳನ್ನು ಓದಿ ಈ ಯಂತ್ರ ತರಿಸುವವರು ಇಲ್ಲಿ ಸೋಲುವುದು ಗಾಳಿಗೆ, ಮಳೆಗಲ್ಲ.

ಗಾಳಿಯ ಗದ್ದಲ ಎಂದರೆ ದೂರದಿಂದ ಬರುವ ಸದ್ದಲ್ಲ. ಗಾಳಿ ಮೈಕಿನ ರಂಧ್ರದ ಸುತ್ತ ಸುಳಿಯಾಗಿ ಅದರ ಪರದೆಯನ್ನೇ ನೇರವಾಗಿ ತಳ್ಳುತ್ತದೆ. ಇದರ ಶಕ್ತಿ ಬಹುಪಾಲು 1 ಕಿಲೋಹರ್ಟ್ಸ್‌ಗಿಂತ ಕೆಳಗಿರುತ್ತದೆ, ಜೋರು ಬೀಸಿದಾಗ ಅದರ ಮೇಲಕ್ಕೂ ಚಾಚುತ್ತದೆ. ಹಾಗಾಗಿ ಗೂಬೆ, ಕೆಂಬೂತ, ಕಾಡುಪಾರಿವಾಳಗಳಂಥ ದಪ್ಪ ದನಿಯವು ಮೊದಲು ಮುಳುಗುತ್ತವೆ. ಸೂರಕ್ಕಿ, ಟುವ್ವಿಹಕ್ಕಿಗಳಂಥ ಕೀರಲು ದನಿಯವು ಉಳಿದುಕೊಳ್ಳುತ್ತವೆ. ಇದನ್ನು ಮರೆತು ಲೆಕ್ಕಕ್ಕೆ ಕೂತರೆ ಮುಂಗಾರಿನಲ್ಲಿ ಜೋಗಿಮಟ್ಟಿಯ ಗೂಬೆಗಳೆಲ್ಲ ಊರು ಬಿಟ್ಟಿವೆ ಎಂಬ ಫಲಿತಾಂಶ ಬರುತ್ತದೆ. ಹಕ್ಕಿ ಅಲ್ಲೇ ಇರುತ್ತದೆ, ಯಂತ್ರಕ್ಕೆ ಕಿವುಡಾಗಿರುತ್ತದೆ.

ಯಂತ್ರದಲ್ಲಿ ದಪ್ಪ ದನಿಯನ್ನು ಸೋಸಿ ತೆಗೆಯುವ ಹೈಪಾಸ್ ಫಿಲ್ಟರ್ ಇದೆಯಲ್ಲ ಎಂದು ಕೇಳುವವರಿದ್ದಾರೆ. ಇದೆ. ಆದರೆ ಅದು ಕೆಲಸ ಮಾಡುವುದು ಸದ್ದು ಅಂಕಿಯಾಗಿ ಬದಲಾದ ಮೇಲೆ. ಬಿರುಸಾದ ಗಾಳಿಯ ಹೊಡೆತಕ್ಕೆ ಸಂಕೇತ ತನ್ನ ಮಿತಿ ಮೀರಿ ತಲೆ ಕತ್ತರಿಸಿಕೊಂಡಿದ್ದರೆ, ಅಂದರೆ ಕ್ಲಿಪ್ ಆಗಿದ್ದರೆ, ಆ ಹಾನಿ ಎಲ್ಲ ಆವರ್ತನಗಳಿಗೂ ಹರಡಿರುತ್ತದೆ. ಮುಂದೆ ಯಾವ ಫಿಲ್ಟರೂ ಅದನ್ನು ಸರಿಮಾಡಲಾರದು. ಮದ್ದು ಇರುವುದು ಗೇನ್‌ನಲ್ಲಿ, ಅಂದರೆ ಮೈಕಿಗೆ ಬಂದ ಸದ್ದನ್ನು ಎಷ್ಟು ಹಿಗ್ಗಿಸಬೇಕು ಎಂಬ ಆಯ್ಕೆಯಲ್ಲಿ. ಐದು ಮೆಟ್ಟಿಲಿನ ಗೇನ್‌ನಲ್ಲಿ ಮೊದಲೇ ಇಟ್ಟಿರುವುದು ಮಧ್ಯದ್ದು. ಬಯಲಿನ ಕಾವಲಿನಲ್ಲೂ ಬೆಟ್ಟದ ಏಣಿನಲ್ಲೂ ಮುಂಗಾರಿಗೆ ಅದಕ್ಕಿಂತ ಒಂದು ಮೆಟ್ಟಿಲು ಇಳಿಸಿ. ದೂರದ ಹಕ್ಕಿ ಕೊಂಚ ಕಮ್ಮಿಯಾಗುತ್ತದೆ, ಹತ್ತಿರದ್ದು ಶುದ್ಧವಾಗಿ ಸಿಗುತ್ತದೆ. ಒಂದೇ ಅಧ್ಯಯನದ ಎಲ್ಲ ಪೆಟ್ಟಿಗೆಗೂ ಗೇನ್ ಒಂದೇ ಇರಬೇಕು ಎಂದು ಬೇರೆ ಹೇಳಬೇಕಿಲ್ಲ.

ಗೇನ್‌ಗಿಂತ ದೊಡ್ಡ ಮದ್ದು ಜಾಗ. ಮುಂಗಾರಿನ ಗಾಳಿ ಪಶ್ಚಿಮದ ಕಡೆಯಿಂದ ಬರುತ್ತದೆ, ಆದ್ದರಿಂದ ಯಂತ್ರ ದೊಡ್ಡ ಬಂಡೆಯ ಅಥವಾ ಏಣಿನ ಪೂರ್ವದ ಮಗ್ಗುಲಿಗಿರಲಿ. ಬಂಡೆಗೆ ತೀರಾ ಅಂಟಿಸಿದರೆ ಪ್ರತಿಧ್ವನಿ ಸೇರುತ್ತದೆ, ಒಂದೆರಡು ಮೀಟರ್ ದೂರದ ಮರ ಒಳ್ಳೆಯದು. ಎತ್ತರ ಒಂದೂವರೆಯಿಂದ ಎರಡು ಮೀಟರ್. ಮೊಣಕಾಲೆತ್ತರದ ಒಣ ಬಾದೆ ಹುಲ್ಲಿನ ನಡುವೆ, ಇಲ್ಲವೇ ಒಣಗಿದ ಕಾಯಿ ಗಲಗಲ ಅನ್ನುವ ಬಾಗೆ ಮರದಲ್ಲಿ ಕಟ್ಟಬಾರದು. ದಪ್ಪ ಕಾಂಡ ಗಾಳಿ ತಡೆಯುತ್ತದೆ ನಿಜ, ಜೊತೆಗೆ ಬೆನ್ನ ಹಿಂದಿನ ಹಕ್ಕಿಗಳ ದನಿಯನ್ನೂ ತಡೆಯುತ್ತದೆ. ತೋಳು ಗಾತ್ರದ ಕಾಂಡ ಸಾಕು. ಕಂಪನಿಯವರೇ ಮಾರುವ ನೀರು ನುಗ್ಗದ ಕೇಸಿನಲ್ಲಿ ಮೈಕಿನ ಎದುರು ಸದ್ದು ಹಾಯುವ ತೆಳು ಪೊರೆ ಇದೆ. ಅದರ ಮೇಲೆ ಒಂದು ಸೆಂಟಿಮೀಟರ್ ದಪ್ಪದ ತೆರೆದ ರಂಧ್ರಗಳ ಫೋಮ್ ಅಂಟಿಸಿದರೆ ಗಾಳಿಯ ಕಾಟ ಕಮ್ಮಿಯಾಗುತ್ತದೆ. ಆದರೆ ಫೋಮ್ ನೆನೆದರೆ ಕೀರಲು ದನಿಯನ್ನೆಲ್ಲ ನುಂಗುತ್ತದೆ. ಮಳೆ ಕಮ್ಮಿ, ಗಾಳಿ ಹೆಚ್ಚು ಇರುವ ನಮ್ಮ ಬಯಲುಸೀಮೆಗೆ ಫೋಮ್ ಒಗ್ಗುತ್ತದೆ, ಮಲೆನಾಡಿನ ಅಂಚಿನ ಕಡೆಗೆ ಬೇಡ. ಅನುಮಾನ ಇದ್ದರೆ ಎರಡು ಪೆಟ್ಟಿಗೆಗಳನ್ನು ಅಕ್ಕಪಕ್ಕ ಕಟ್ಟಿ, ಒಂದಕ್ಕೆ ಮಾತ್ರ ಫೋಮ್ ಹಾಕಿ, ಮಾರನೆಯ ದಿನ ಆಡಾಸಿಟಿ ತಂತ್ರಾಂಶದಲ್ಲಿ ಎರಡರ ಸ್ಪೆಕ್ಟ್ರೋಗ್ರಾಮ್, ಅಂದರೆ ಸದ್ದಿನ ಆವರ್ತನಗಳ ಚಿತ್ರ, ತೆರೆದು ನೋಡಿ. ತಳದಲ್ಲಿ ದಟ್ಟ ಪಟ್ಟಿಯಾಗಿ ಕಾಣುವುದೇ ಗಾಳಿ, ಅದು ಎಷ್ಟು ಎತ್ತರಕ್ಕೆ ಏರಿದೆ ಎಂಬುದೇ ತೀರ್ಪು.

ಕೊಂಡಜ್ಜಿ, ಸೂಳೆಕೆರೆ ಕಡೆ ಗಾಳಿ ಇಷ್ಟಿಲ್ಲ. ಅಲ್ಲಿಯ ತೊಂದರೆ ಬೇರೆ. ಭದ್ರಾ ನಾಲೆಯ ನೀರು ಗದ್ದೆಗೆ ಬಿಟ್ಟ ಮೇಲೆ ರಾತ್ರಿಯಿಡೀ ಕಪ್ಪೆಗಳದೇ ದರ್ಬಾರು. ಹಕ್ಕಿ ಹುಡುಕುವವರಿಗೆ ಅದು ಗದ್ದಲ, ಕಪ್ಪೆ ಹುಡುಕುವವರಿಗೆ ಹಬ್ಬ. ಗಣೇಶನ ಹಬ್ಬದ ಡಿಜೆ ಮಾತ್ರ ಯಾರಿಗೂ ಬೇಡ, ಆ ವಾರದ ದತ್ತಾಂಶವನ್ನು ಬೇರೆ ಫೋಲ್ಡರಿಗೆ ಹಾಕುವುದು ಒಳ್ಳೆಯದು.

ಬಿಸಿಲು, ಇರುವೆ ಇತ್ಯಾದಿ ಚುಟುಕಾಗಿ: ಏಪ್ರಿಲಿನಲ್ಲಿ ಮುಚ್ಚಿದ ಕೇಸು ನೇರ ಬಿಸಿಲಿಗೆ ಸಿಕ್ಕರೆ ಒಳಗೆ ಕಾದು ಅಗ್ಗದ ಸೆಲ್ ಸೋರುತ್ತದೆ, ನೆರಳಿನ ಮಗ್ಗುಲು ನೋಡಿ. ರೀಚಾರ್ಜ್ ಆಗುವ ನಿಕಲ್ ಮೆಟಲ್ ಹೈಡ್ರೈಡ್ ಸೆಲ್ ನಡೆಯುತ್ತದೆ. ಅದರ ವೋಲ್ಟೇಜ್ 1.2 ಮಾತ್ರ ಆಗಿರುವುದರಿಂದ ಆ್ಯಪ್‌ನಲ್ಲಿ ಬ್ಯಾಟರಿ ಬಗೆಯನ್ನು ಬದಲಿಸಿಕೊಳ್ಳಿ, ಇಲ್ಲದಿದ್ದರೆ ತುಂಬಿದ ಸೆಲ್ಲನ್ನೂ ಖಾಲಿ ಎಂದು ತೋರಿಸುತ್ತದೆ. ಪ್ಲಾಸ್ಟಿಕ್ ಕೇಬಲ್ ಟೈ ಬಿಸಿಲಿಗೆ ಪುಡಿಯಾಗುತ್ತದೆ, ಪಟ್ಟಿ ಬೆಲ್ಟ್ ವಾಸಿ. ಗೆದ್ದಲು ಹತ್ತಿದ ಮರ ಬೇಡ. ಕೇಸಿಲ್ಲದೆ ಜಿಪ್ ಚೀಲದಲ್ಲಿ ಹಾಕಿ ಕಟ್ಟುವ ರೂಢಿಯೂ ಇದೆ, ಒಂದೆರಡು ವಾರಕ್ಕೆ ಪರವಾಗಿಲ್ಲ. ಆದರೆ ಗಾಳಿಗೆ ಆ ಚೀಲವೇ ಪಟಪಟ ಅನ್ನುತ್ತದೆ.

ಅನುಮತಿ, ಕುರಿಗಾಹಿ, ಬೋರ್ಡು

ರಂಗಯ್ಯನದುರ್ಗದ ಕೊಂಡುಕುರಿ ವನ್ಯಧಾಮದಂಥ ಕಡೆ ಯಂತ್ರ ಕಟ್ಟಬೇಕಾದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 28ನೇ ಸೆಕ್ಷನ್ ಪ್ರಕಾರ ಮುಖ್ಯ ವನ್ಯಜೀವಿ ಪರಿಪಾಲಕರ ಅನುಮತಿ ಬೇಕು. ಕೋಟೆಯ ಒಳಗಾದರೆ ಪುರಾತತ್ವ ಇಲಾಖೆಯದು. ಯಂತ್ರ ತರಿಸುವ ಮುಂಚೆಯೇ ಅರ್ಜಿ ಹಾಕಿ. ಎಂ.ಎಸ್ಸಿ. ಪ್ರಾಜೆಕ್ಟಿಗೆ ಸಿಗುವುದು ನಾಲ್ಕೈದು ತಿಂಗಳು, ಅದಷ್ಟೂ ಕಾಗದ ಓಡಾಟಕ್ಕೇ ಹೋಗಬಹುದು. ಅಂಥವರು ವಿಶ್ವವಿದ್ಯಾಲಯದ ಆವರಣ, ಕೆರೆ ಏರಿ, ಪರಿಚಯದವರ ತೋಟಗಳಲ್ಲಿ ಶುರುಮಾಡುವುದೇ ಬುದ್ಧಿವಂತಿಕೆ.

ಅಲ್ಲಿ ಯಂತ್ರ ಉಳಿಯುವುದೋ ಕಾಣೆಯಾಗುವುದೋ ಎಂಬುದು ದಿನಾ ಆ ದಾರಿಯಲ್ಲಿ ಕುರಿ, ದನ ಹೊಡೆದುಕೊಂಡು ಹೋಗುವವರ ಕೈಯಲ್ಲಿದೆ. ಅವರು ಕೇಳುವ ಮೊದಲ ಪ್ರಶ್ನೆ ಎಲ್ಲೆಡೆ ಒಂದೇ: “ಇದ್ರಾಗೆ ನಮ್ ಫೋಟೋ ಬರ್ತತಾ ಸಾರ್?” ಬೀಗ ಹಾಕುವುದಕ್ಕಿಂತ ಈ ಪ್ರಶ್ನೆಗೆ ಮೊದಲೇ ಉತ್ತರ ಬರೆದು ಅಂಟಿಸುವುದು ಮೇಲು. ಇಷ್ಟು ಸಾಕು: “ಇದು ಹಕ್ಕಿಗಳ ದನಿ ಹಿಡಿಯುವ ಯಂತ್ರ. ಕ್ಯಾಮೆರಾ ಇಲ್ಲ. ಹತ್ತಿರ ನಿಂತು ಮಾತಾಡಿದರೆ ಅದೂ ದಾಖಲಾಗುತ್ತದೆ, ಆ ಭಾಗ ನಾವು ಅಳಿಸುತ್ತೇವೆ. ದಯವಿಟ್ಟು ಮುಟ್ಟಬೇಡಿ.” ಕೆಳಗೆ ವಿಭಾಗದ ಫೋನ್ ನಂಬರು. ಅಕ್ಷರ ದಪ್ಪಗಿರಲಿ, ಕನ್ನಡದಲ್ಲಿರಲಿ. ಇಂಗ್ಲಿಷಿನಲ್ಲಿ ಮಾತ್ರ ‘ರಿಸರ್ಚ್ ಇನ್ ಪ್ರೋಗ್ರೆಸ್’ ಎಂದು ಅಚ್ಚುಹಾಕಿಸಿದ ಸ್ಟಿಕರ್ ಇಲ್ಲಿ ಯಾವ ಕೆಲಸಕ್ಕೂ ಬರುವುದಿಲ್ಲ. ಅಳಿಸುತ್ತೇವೆ ಎಂದು ಬರೆದ ಮೇಲೆ ಅಳಿಸಲೂ ಬೇಕು. ಮಾತು ಕೇಳಿಬಂದ ಫೈಲುಗಳನ್ನು ಗುರುತಿಟ್ಟು ತೆಗೆಯುವ ಕೆಲಸ ಯಾರದು ಎಂದು ಮೊದಲೇ ನಿಗದಿಮಾಡಿ.

ಜೋಗಿಮಟ್ಟಿ ಕಡೆ ಕರಡಿ ಇದೆ. ಕಾರ್ಡು ಬದಲಿಸಲು ಬೆಳಕು ಹರಿದ ಮೇಲೆ, ಇಬ್ಬರಾಗಿ, ಅರಣ್ಯ ಇಲಾಖೆಯ ವಾಚರ್ ಜೊತೆಗೆ ಹೋಗಿ.

ಕೇಳುವವರು ಯಾರು?

ಚಾರಾಣೆ ಕೋಳಿಗೆ ಬಾರಾಣೆ ಮಸಾಲೆ ಎಂಬ ಗಾದೆ ಈ ಯಂತ್ರಕ್ಕೆ ಚೆನ್ನಾಗಿ ಒಪ್ಪುತ್ತದೆ, ಮಸಾಲೆ ಇಲ್ಲಿ ಮನುಷ್ಯರ ಸಮಯ. ಹತ್ತು ಯಂತ್ರಗಳನ್ನು ಐದು ನಿಮಿಷಕ್ಕೊಂದು ನಿಮಿಷದ ಪದ್ಧತಿಯಲ್ಲಿ 19 ದಿನ ಇಟ್ಟರೆ ಕೈಗೆ ಬರುವುದು 912 ಗಂಟೆಯ ಸದ್ದು. ದಿನಕ್ಕೆ ಎಂಟು ಗಂಟೆ ಕಿವಿಗೆ ಹೆಡ್‌ಫೋನ್ ಹಾಕಿ ಕೂತರೂ 114 ದಿನ. ಅದು ಒಂದು ಸುತ್ತಿಗೆ ಮಾತ್ರ.

ಅದಕ್ಕೇ ಎಲ್ಲರೂ ಬರ್ಡ್‌ನೆಟ್ ಮೊರೆಹೋಗುವುದು. ಅಮೆರಿಕದ ಕಾರ್ನೆಲ್ ಪಕ್ಷಿ ಪ್ರಯೋಗಾಲಯ ಮತ್ತು ಜರ್ಮನಿಯ ಕೆಮ್ನಿಟ್ಜ್ ತಾಂತ್ರಿಕ ವಿಶ್ವವಿದ್ಯಾಲಯ ಸೇರಿ ಮಾಡಿದ ಈ ತಂತ್ರಾಂಶ ಸದ್ದನ್ನು ಮೂರು ಸೆಕೆಂಡಿನ ತುಂಡುಗಳಾಗಿ ಕತ್ತರಿಸಿ, ಪ್ರತಿ ತುಂಡಿಗೂ ಹಕ್ಕಿಯ ಹೆಸರು ಮತ್ತು 0ರಿಂದ 1ರವರೆಗಿನ ಒಂದು ಅಂಕ ಕೊಡುತ್ತದೆ. ಲ್ಯಾಪ್‌ಟಾಪಿನಲ್ಲಿ ಇಂಟರ್‌ನೆಟ್ ಇಲ್ಲದೆಯೂ ಓಡುತ್ತದೆ. ಜಾಗದ ಅಕ್ಷಾಂಶ ರೇಖಾಂಶ ಕೊಡಲು ಮರೆಯಬೇಡಿ, ಚಿತ್ರದುರ್ಗಕ್ಕೆ 14.2 ಉತ್ತರ, 76.4 ಪೂರ್ವ. ಕೊಡದಿದ್ದರೆ ಕುರುಚಲು ಕಾಡಿನಲ್ಲಿ ಯುರೋಪಿನ ಹಕ್ಕಿಗಳೂ ಹಾಡಿಬಿಡುತ್ತವೆ.

ಆ ಅಂಕವನ್ನು ನೂರಕ್ಕೆ ಇಷ್ಟು ಖಾತ್ರಿ ಎಂದು ಓದುವುದು ತಪ್ಪು. ಒಂದು ಜಾತಿಗೆ 0.5 ಬಂದರೂ ನಂಬಬಹುದು, ಇನ್ನೊಂದಕ್ಕೆ 0.9 ಬಂದರೂ ನಂಬುವ ಹಾಗಿಲ್ಲ. ಕಾಜಾಣ ಬಿಜ್ಜು ಎಂಬ ಗಿಡುಗದ ದನಿಯನ್ನು ಅಣಕಿಸುತ್ತದೆ, ಪಟ್ಟಿಯಲ್ಲಿ ಬಿಜ್ಜು ಕೂತಿರುತ್ತದೆ. ಮಳೆ ನಿಂತ ಮೇಲೆ ಶುರುವಾಗುವ ಮಿಡತೆ, ಚಿಮ್ಮಂಡೆಗಳ ಸದ್ದು ಇನ್ನೂ ಹಲವು ಹುಸಿ ಹೆಸರು ಹುಟ್ಟಿಸುತ್ತದೆ. ಸರಿಯಾದ ದಾರಿ ಎಂದರೆ ಪ್ರತಿ ಜಾತಿಗೂ ಕಡಿಮೆ, ಮಧ್ಯಮ, ಹೆಚ್ಚು ಅಂಕದ ತುಂಡುಗಳನ್ನು ಚೀಟಿ ಎತ್ತಿದ ಹಾಗೆ ಆರಿಸುವುದು. ಒಂದೊಂದು ಗುಂಪಿನಿಂದ 25–50 ತುಂಡುಗಳನ್ನು ಇಬ್ಬರು ಬೇರೆ ಬೇರೆಯಾಗಿ ಕೇಳಿ, ಯಾವ ಅಂಕದ ಮೇಲೆ ನಂಬಬೇಕು ಎಂದು ಆಯಾ ಜಾತಿಗೆ ನಿಗದಿಮಾಡಬೇಕು. ಬಂಡೆಗುಡ್ಡಗಳ ಹಳದಿ ಕೊರಳಿನ ಪಿಕಳಾರದಂಥ ಅಪರೂಪದ ಹೆಸರು ಬಂದರೆ ಅಂಕ ಎಷ್ಟೇ ಇರಲಿ, ಒಂದೊಂದು ತುಂಡನ್ನೂ ಕೇಳಲೇಬೇಕು. ಕೆಂಪು ಬಾಲಬುಡದ ಪಿಕಳಾರ ಎಲ್ಲೆಲ್ಲೂ ಇರುವಾಗ ತಂತ್ರಾಂಶ ಯಾವುದನ್ನು ಯಾವುದೆಂದು ಕರೆಯಿತೋ ಹೇಳಲಾಗದು.

ಆ ಇಬ್ಬರು ಯಾರು ಎಂಬುದರ ಮೇಲೆ ಲ್ಯಾಬಿನ ಗುಣ ನಿಂತಿದೆ. ಗೈಡ್‌ಗೆ ಬೇಕಾದ್ದು ಲೇಖನ, ಪಿಎಚ್‌ಡಿಯವರಿಗೆ ಬೇಕಾದ್ದು ಮುಗಿಯುವ ಅಧ್ಯಾಯ, ಅಂಕಿಅಂಶದವರಿಗೆ ಖಾಲಿ ಜಾಗ ಇಲ್ಲದ ಹಾಳೆ, ಎಂ.ಎಸ್ಸಿ.ಯವರಿಗೆ ಮೇ ತಿಂಗಳೊಳಗೆ ಬೈಂಡ್ ಆಗುವ ಪುಸ್ತಕ. ಇಷ್ಟು ಜನರ ನಡುವೆ ಹಕ್ಕಿಯ ದನಿ ನಿಜವಾಗಿ ಬಲ್ಲವರು ಬಹುಮಟ್ಟಿಗೆ ಜೊತೆಗೆ ಬೆಟ್ಟ ಹತ್ತುವ ವಾಚರ್, ಇಲ್ಲವೇ ಊರಿನ ಯಾರೋ ಹವ್ಯಾಸಿ. ಅವರನ್ನು ಕಂಪ್ಯೂಟರ್ ಮುಂದೆ ಕೂರಿಸಿ, ಗಂಟೆಗೆ ಇಷ್ಟು ಎಂದು ಕೂಲಿ ಕೊಟ್ಟು, ಹೆಸರು ಹಾಕಿ. ಯಂತ್ರಕ್ಕೆ ಹಣ ಬರೆದ ಪ್ರಾಜೆಕ್ಟ್ ಪ್ರಸ್ತಾವದಲ್ಲಿ ಕೇಳುವವರ ಸಂಬಳದ ಸಾಲು ಇಲ್ಲದಿದ್ದರೆ ಆ ಪ್ರಾಜೆಕ್ಟ್ ಅರ್ಧಕ್ಕೇ ನಿಲ್ಲುತ್ತದೆ.

ಈ ದೃಷ್ಟಿಯಿಂದಲೇ ಆಡಿಯೋಮಾತ್ ಎಲ್ಲಿ ಗೆಲ್ಲುತ್ತದೆ ಎಂದು ಕೇಳಿದರೆ, ರಾತ್ರಿಯಲ್ಲಿ. ಮಾರ್ಚ್, ಏಪ್ರಿಲ್‌ನ ಗಾಳಿ ಕಮ್ಮಿ ಇರುವ ರಾತ್ರಿಗಳಲ್ಲಿ ನತ್ತಿಂಗ, ಗೂಬೆಗಳನ್ನು ಹುಡುಕಲು ಇದಕ್ಕಿಂತ ಅಗ್ಗದ ದಾರಿ ಇಲ್ಲ. ಜಾತಿಗಳು ಬೆರಳೆಣಿಕೆ, ಕೂಗು ಒಂದೇ ಲಯದ್ದು, ಮನುಷ್ಯರು ಕರಡಿ ಇರುವ ಕಾಡಿನಲ್ಲಿ ರಾತ್ರಿ ಕೂರುವುದೂ ತಪ್ಪುತ್ತದೆ. ಚಳ್ಳಕೆರೆ ಕಡೆಯ ಅಮೃತಮಹಲ್ ಕಾವಲುಗಳ ನೆಲಗುಬ್ಬಿಗಳಿಗೆ ಮಾತ್ರ ಬೇಡ. ಅಲ್ಲಿ ಕಣ್ಣು, ಬೈನಾಕ್ಯುಲರ್, ಎರಡು ಕಾಲು ಇದಕ್ಕಿಂತ ಬೇಗ ಕೆಲಸ ಮುಗಿಸುತ್ತವೆ.

ಬಾವಲಿಗೂ ಇದೇ ಬೋರ್ಡು ಸಾಕು ಎಂಬುದು ದೊಡ್ಡ ಆಕರ್ಷಣೆ. 384 ಕಿಲೋಹರ್ಟ್ಸ್‌ನಲ್ಲಿ ಇಟ್ಟರೆ ಅದರ ಅರ್ಧ, ಅಂದರೆ 192ರವರೆಗಿನ ಸದ್ದು ಸಿಗುತ್ತದೆ, ಕೀಟ ತಿನ್ನುವ ಬಾವಲಿಗಳ ಕೂಗು ಅದರೊಳಗೆ ಬಂತು. ಬೆಲೆ ತೆರುವುದು ಜಾಗದಲ್ಲಿ: ಗಂಟೆಗೆ 2.76 ಜಿಬಿ. ಸಂಜೆ ಆರೂವರೆಯಿಂದ ಒಂಬತ್ತೂವರೆವರೆಗೆ ಎಡೆಬಿಡದೆ ದಾಖಲಿಸಿದರೆ 32 ಜಿಬಿ ಕಾರ್ಡು ನಾಲ್ಕನೆಯ ಸಂಜೆ ಮುಗಿಯುವಷ್ಟರಲ್ಲಿ ಭರ್ತಿ. ಹದಿನೈದು ಸೆಕೆಂಡಿಗೆ ಐದು ಸೆಕೆಂಡಿನಂತೆ ಇಡಿ, ಅಥವಾ ಗೊತ್ತಾದ ಆವರ್ತನ ಬಂದಾಗ ಮಾತ್ರ ಬರೆಯುವ ಟ್ರಿಗರ್ ಬಳಸಿ. ಬಾವಲಿಗೆ ಜಿಪ್ ಚೀಲ ಸಲ್ಲದು, ಅತಿ ಕೀರಲು ಸದ್ದನ್ನು ಪ್ಲಾಸ್ಟಿಕ್ ತಡೆಯುತ್ತದೆ. ಕೂಗಿನಿಂದ ಜಾತಿ ಹೇಳಲು ನಮ್ಮ ಸೀಮೆಯ ಬಾವಲಿಗಳದೇ ಮಾದರಿ ದನಿಗಳು ಬೇಕು, ಹೊರದೇಶದ ತಂತ್ರಾಂಶ ಹೇಳಿದ ಹೆಸರನ್ನು ಹಾಗೇ ಬರೆಯಬೇಡಿ. ಹಣ್ಣು ತಿನ್ನುವ ದೊಡ್ಡ ತೊಗಲಬಾವಲಿ ಈ ಲೆಕ್ಕದಲ್ಲಿ ಸಿಗುವುದಿಲ್ಲ, ಅದು ದಾರಿ ಹುಡುಕುವುದು ಮುಖ್ಯವಾಗಿ ಕಣ್ಣಿನಿಂದ.

ತಲೆನೋವು ಬೇಡ, ಹಣ ಪರವಾಗಿಲ್ಲ ಅನ್ನುವವರಿಗೆ ವೈಲ್ಡ್‌ಲೈಫ್ ಅಕೌಸ್ಟಿಕ್ಸ್‌ನ ಸಾಂಗ್ ಮೀಟರ್ ಮೈಕ್ರೊ 2 ಇದೆ. ಅದು ಕೇಸ್ ಸಮೇತ ಬರುತ್ತದೆ, ಫೋನಿನಿಂದ ಬ್ಲೂಟೂತ್‌ನಲ್ಲಿ ಹೊಂದಿಸಬಹುದು, ಹೊಸಬರು ಡೀಫಾಲ್ಟ್‌ಗೆ ತಳ್ಳುವ ಭಯ ಇಲ್ಲ. ಮೂರು ನಾಲ್ಕು ಜಾಗ ಮಾತ್ರ ಇರುವ ಅಧ್ಯಯನಕ್ಕೆ ಅದೇ ಸರಿ. ಹತ್ತು ಜಾಗ ದಾಟಿದರೆ ಆಡಿಯೋಮಾತ್. ಬರೀ ಹಕ್ಕಿ ಕಲಿಯಲು ಹೊರಟವರಿಗೆ ಎರಡೂ ಬೇಡ, ಫೋನಿನಲ್ಲಿ ದನಿ ಕೇಳಿ ಹಕ್ಕಿ ಗುರುತಿಸುವ ಮರ್ಲಿನ್ ಆ್ಯಪ್ ಸಾಕು.

ತರಿಸುವಾಗ ಬೋರ್ಡಿನ ಬೆಲೆಯ ಮೇಲೆ ಸಾಗಣೆ, ಕಸ್ಟಮ್ಸ್ ಸುಂಕ, ಜಿಎಸ್‌ಟಿ ಸೇರುತ್ತದೆ ಎಂಬುದನ್ನು ಕೊಟೇಶನ್ ಹಂತದಲ್ಲೇ ಲೆಕ್ಕಶಾಖೆಗೆ ತಿಳಿಸಿ. ಹತ್ತು ಜಾಗಕ್ಕೆ ಹನ್ನೆರಡು ಬೋರ್ಡು, ಹನ್ನೆರಡು ಕೇಸು, 24 ಕಾರ್ಡು, 72 ರೀಚಾರ್ಜ್ ಸೆಲ್ಲು, ಎರಡು ಹಾರ್ಡ್ ಡಿಸ್ಕು ಬರೆಯಿರಿ. ಹೆಚ್ಚಿಗೆ ಕೊಂಡ ಆ ಎರಡು ಬೋರ್ಡು ದಂಡವಲ್ಲ. ಸೋರಿದ ಸೆಲ್ಲಿನಿಂದ ತುಕ್ಕು ಹಿಡಿಯುವ ಬ್ಯಾಟರಿ ಹಿಡಿಕೆ, ಎಳೆದಾಡಿ ಸಡಿಲವಾಗುವ ಯುಎಸ್‌ಬಿ ಮೂತಿ, ಇವೆರಡೇ ಇದರಲ್ಲಿ ಬೇಗ ಕೈಕೊಡುವ ಭಾಗಗಳು. ಎರಡನ್ನೂ ಮೊಬೈಲ್ ರಿಪೇರಿ ಮಾಡುವವರು ಬೆಸುಗೆ ಹಾಕಿ ಸರಿಮಾಡಿಕೊಡುತ್ತಾರೆ, ಅಲ್ಲಿಯವರೆಗೆ ಆ ಮರ ಖಾಲಿ ಬಿಡದಿರಲು ಬದಲಿ ಬೋರ್ಡು ಬೇಕು.